ಕ್ಯಾಮೆರಾಕ್ಕೆ ಕಂಡ ಮೂರು ಬೆಂಚು

ಗುಂಜಿಯ ನಮ್ಮ ಹೈಸ್ಕೂಲಿಗೆ ಬಂದ ದೊಡ್ಡ ಟಿವಿಗೆ ಅರವತ್ತೆರಡು ಸಾವಿರ, ಅದರ ನೆತ್ತಿಯ ಮೇಲಿನ ಕ್ಯಾಮೆರಾಕ್ಕೆ ಒಂಬತ್ತು, ಕರೆಂಟು ಹೋದರೆ ಇರಲೆಂದು ಬ್ಯಾಟರಿಗೆ ಇಪ್ಪತ್ತೆಂಟು. ಇಂಟರ್ನೆಟ್ಟಿಗೆ ತಿಂಗಳಿಗೆ ಎಂಟುನೂರು. ಒಬ್ಬ ಅತಿಥಿ ಶಿಕ್ಷಕರನ್ನು ಇಟ್ಟುಕೊಂಡರೆ ತಿಂಗಳಿಗೆ ಹನ್ನೆರಡು ಸಾವಿರ. ನಾನು ಶಾಲೆಯ ಸಿಪಾಯಿ. ಈ ಕಾಗದಗಳನ್ನೆಲ್ಲ ಖಾನಾಪುರದ ಕಚೇರಿಗೆ ಹೊತ್ತವನು ನಾನೇ ಆದ್ದರಿಂದ ಲೆಕ್ಕ ಬಾಯಿಪಾಠವಾಗಿದೆ.

ಜೂನಿನಲ್ಲಿ ಗಣಿತದ ಮೇಷ್ಟ್ರಿಗೆ ವರ್ಗವಾಯಿತು. ಆ ಜಾಗಕ್ಕೆ ಯಾರೂ ಬರಲಿಲ್ಲ. ಬೆಳಗಾವಿಯ ಹಿಂದವಾಡಿಯ ಶಾಲೆಯೊಂದರಿಂದ ಜುಲೇಖಾ ಟೀಚರ್ ದಿನಾ ಹನ್ನೊಂದಕ್ಕೆ ವಿಡಿಯೋ ಕಾಲ್‌ನಲ್ಲಿ ಒಂಬತ್ತು ಶಾಲೆಗಳ ಹತ್ತನೇ ತರಗತಿಗೆ ಒಟ್ಟಿಗೇ ಪಾಠ ಹೇಳುತ್ತಾರೆ ಎಂದು ಆದೇಶ ಬಂತು. ಸೆಪ್ಟೆಂಬರಿನಲ್ಲಿ ಅವರು ಬರೆದುಕೊಡುವ ವರದಿ ನೋಡಿ ಯಾವ ಶಾಲೆಗೆ ಅತಿಥಿ ಶಿಕ್ಷಕರು ಬೇಕೆಂದು ಕಚೇರಿಯವರು ತೀರ್ಮಾನಿಸುತ್ತಾರಂತೆ.

ಕ್ಯಾಮೆರಾಕ್ಕೆ ಕಾಣುತ್ತಿದ್ದದ್ದು ಮುಂದಿನ ಮೂರು ಬೆಂಚು. ಹೆಡ್‌ಮಾಸ್ತರ್ ಉಳವಪ್ಪನವರು ಮೊದಲ ದಿನವೇ ಹನ್ನೆರಡು ಮಂದಿ ಜಾಣ ಮಕ್ಕಳನ್ನು ಆರಿಸಿ ಅಲ್ಲಿ ಕೂರಿಸಿದರು.

“ಸರ, ಹಿಂದ ಇನ್ನೂ ಮೂವತ್ತೊಂದು ಹುಡುಗೋರು ಅದಾವ್ರಿ,” ಅಂದೆ.

“ಬೀಗರು ಬಂದಾಗ ಹರಕ ಚಾಪಿ ಹಾಸ್ತಿಯೇನೋ ಬುಡನಸಾಬ? ಬೆಳಗಾವ್ಯಾಗ ನಮ್ಮ ಸಾಲಿ ಮರ್ಯಾದಿ ಉಳೀಬೇಕು.”

ಕೆಟ್ಟ ಮನುಷ್ಯರಲ್ಲ ಅವರು. ಬಂದವರಿಗೆ ಮನೆಯ ಒಳ್ಳೆಯದನ್ನೇ ತೋರಿಸಬೇಕು ಎಂದು ಕಲಿತವರು. ನಾವೆಲ್ಲ ಹಾಗೇ ಕಲಿತವರು.

“ತಿಳೀತೇನ್ರೋ ಗುಂಜಿಯವರ?” ಎಂದು ಟೀಚರ್ ಕೇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ “ಹೂಂ ಟೀಚರ್” ಅನ್ನುತ್ತಿತ್ತು. ಲೆಕ್ಕ ಕೊಟ್ಟರೆ ಮುಂದಿನ ಬೆಂಚಿನ ಶಶಿಧರ ಎದ್ದು ಉತ್ತರ ಹೇಳಿಬಿಡುತ್ತಿದ್ದ. ಹಿಂದಿನವರು ಟಿವಿಯಲ್ಲಿ ಬಂದದ್ದನ್ನು ಬರೆದುಕೊಳ್ಳುತ್ತಿದ್ದರು. ಮಳೆಗೆ ನೆಟ್‌ವರ್ಕ್ ನಿಂತರೆ ಅವರ ಪೆನ್ನೂ ನಿಲ್ಲುತ್ತಿತ್ತು.

ಕೊನೆಯ ಬೆಂಚಿನಲ್ಲಿ ನೀಲಾ ಇದ್ದಳು. ಪಾಸಾದರೆ ಕಾಲೇಜು, ಇಲ್ಲದಿದ್ದರೆ ಗೋಡಂಬಿ ಫ್ಯಾಕ್ಟರಿ ಎಂದು ಅವಳ ಅವ್ವ ಹೇಳಿಬಿಟ್ಟಿದ್ದಳು.

“ಚಾಚಾ, ಆ ಕ್ಯಾಮೆರಾ ಒಂದೀಟು ಈ ಕಡಿ ಹೊಳ್ಳಸ್ರಿ. ನಾ ಅದೀನೋ ಇಲ್ಲೋ ಟೀಚರಿಗೆ ಗೊತ್ತಾಗ್ಲಿ,” ಎಂದಳು ಒಂದು ದಿನ.

“ಟಿವ್ಯಾಗ ಬರಾಕ ಮಾರಿ ಚಂದ ಇರಬೇಕವಾ,” ಎಂದ ಶಶಿಧರ.

“ಹಂಗಾರ ನಿನ್ನ ಹೆಂಗ ತೊಗೊಂಡ್ರೋ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಕ್ಯಾಮೆರಾ ತಿರುಗಿಸಲಿಲ್ಲ.

ಒಂಬತ್ತು ಶಾಲೆಗಳಲ್ಲಿ ಗುಂಜಿಯೇ ಮುಂದು ಎಂದು ಟೀಚರ್ ವರದಿ ಬರೆದರು. ಉಳವಪ್ಪನವರು ಬೂಂದಿ ಹಂಚಿದರು. ಹದಿನೈದು ದಿನಕ್ಕೆ ಕಚೇರಿಯ ಕಾಗದ ಬಂತು: ಆರು ಶಾಲೆಗಳಿಗೆ ಅತಿಥಿ ಶಿಕ್ಷಕರು, ಗುಂಜಿಗೆ ಅಗತ್ಯವಿಲ್ಲ. ಅವರು ಅದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟರು.

“ಶಾಣ್ಯಾತನ ತೋರಿಸಿ ಕೆಟ್ಟಿವಲ್ಲೋ ಬುಡನಸಾಬ.”

ಮರುದಿನ ಯಾರನ್ನೂ ಕೇಳದೆ ಕ್ಯಾಮೆರಾವನ್ನು ಹಿಂದಿನ ಬೆಂಚುಗಳ ಕಡೆ ತಿರುಗಿಸಿದೆ. ಟೀಚರ್ ಮಾತು ಅರ್ಧಕ್ಕೇ ನಿಂತಿತು.

“ಇವ್ರೆಲ್ಲಾ ಯಾರ್ರಿ?”

ಉಳವಪ್ಪನವರು ನೆಲ ನೋಡುತ್ತಿದ್ದರು. “ನಿಮ್ಮ ವಿದ್ಯಾರ್ಥಿಗಳ ರೀ,” ಎಂದೆ ನಾನು.

ಟೀಚರ್ ನೀಲಾಳನ್ನು ಎಬ್ಬಿಸಿ ಏಳನೇ ತರಗತಿಯ ಮಟ್ಟದ ಲೆಕ್ಕವೊಂದನ್ನು ಕೇಳಿದರು. ಅವಳು ನೋಟ್‌ಬುಕ್ಕು ಮುಚ್ಚಿದಳು. ಆಮೇಲೆ ಹೇಳಿದಳು: “ಟೀಚರ್, ನಾಕ ತಿಂಗಳದಾಗ ಹೂಂ ಅನ್ನೂದೊಂದ ಕಲ್ತೀನ್ರಿ.”

ಈ ಸಲ ಯಾರೂ ನಗಲಿಲ್ಲ.

“ತಪ್ಪು ನಮ್ದು ರೀ,” ಎಂದರು ಉಳವಪ್ಪನವರು.

“ನಂದೂ ಐತ್ರಿ ಸರ,” ಎಂದರು ಟೀಚರ್. “ಪಟ್ಟಿವಳಗ ನಲವತ್ಮೂರು ಹೆಸರು ಇದ್ವು. ಹನ್ನೆರಡ ಮಾರಿ ನೋಡ್ಕೋತ ಕುಂತೆ. ಒಂಬತ್ತು ಸಾಲಿ ನೋಡೂದ್ರಾಗ ಕಣ್ಣು ಸೋತಿದ್ವು.”

ಅವರು ಇನ್ನೊಂದು ವರದಿ ಬರೆದರು. ಈ ವರ್ಷದ ನೇಮಕ ಮುಗಿದಿದೆ, ಮುಂದಿನ ವರ್ಷ ನೋಡೋಣ ಎಂದು ಉತ್ತರ ಬಂತು. ಅಂದಿನಿಂದ ತಮ್ಮ ಶಾಲೆ ಬಿಟ್ಟ ಮೇಲೆ, ಸಂಜೆ ನಾಲ್ಕೂವರೆಗೆ, ಈ ಮೂವತ್ತೊಂದು ಮಕ್ಕಳಿಗಾಗಿ ಟೀಚರ್ ಮತ್ತೆ ಟಿವಿಯಲ್ಲಿ ಬಂದರು. ದಿನವಿಡೀ ಮಾತಾಡಿ ಅವರ ಗಂಟಲು ಒಡೆದಿರುತ್ತಿತ್ತು. ಬೋರ್ಡಿಗೆ ಕೈ ಎತ್ತಿದವರು ಕೆಲವೊಮ್ಮೆ ಹಾಗೇ ಇಳಿಸಿ ಕುಳಿತುಬಿಡುತ್ತಿದ್ದರು. ವಾರದಲ್ಲಿ ಎರಡು ದಿನ ನೆಟ್‌ವರ್ಕ್ ಇರುತ್ತಿರಲಿಲ್ಲ. ಆಗ ಉಳವಪ್ಪನವರು ಕಪ್ಪುಹಲಗೆಯ ಮುಂದೆ ನಿಂತು ಮಗ್ಗಿ ಹೇಳಿಸುತ್ತಿದ್ದರು. ಅವರು ಓದಿದ್ದು ಇತಿಹಾಸ.

ಪರೀಕ್ಷೆಯಲ್ಲಿ ಮುಂದಿನ ಹನ್ನೆರಡೂ ಮಂದಿ ಪಾಸಾದರು. ಹಿಂದಿನವರಲ್ಲಿ ಹದಿನಾಲ್ಕು ಮಂದಿ ಪಾಸಾದರು. ಹದಿನೇಳು ಮಂದಿ ಗಣಿತದಲ್ಲಿ ಫೇಲು. ನೀಲಾಳಿಗೆ ಆರು ಅಂಕ ಕಡಿಮೆ ಬಿದ್ದಿತ್ತು. ಮರುಪರೀಕ್ಷೆಗೆ ಕಟ್ಟು ಎಂದು ನಾನು ಅವರ ಮನೆಗೆ ಎರಡು ಸಲ ಹೋದೆ. ಎರಡೂ ಸಲ ಅವಳು ಕೆಲಸಕ್ಕೆ ಹೋಗಿದ್ದಳು.

ಆ ಫಲಿತಾಂಶ ನೋಡಿ ಕಚೇರಿಯವರು ಜೂನಿನಲ್ಲಿ ಗಣಿತದ ಅತಿಥಿ ಶಿಕ್ಷಕರನ್ನು ಕೊಟ್ಟರು. ಹದಿನೇಳು ಮಕ್ಕಳು ಫೇಲಾಗಿದ್ದಕ್ಕೆ ಶಾಲೆಗೆ ಒಬ್ಬ ಮೇಷ್ಟ್ರು ಸಿಕ್ಕರು. ನೀಲಾಳಿಗೆ ಕಾಲೇಜು ತಪ್ಪಿತು.