ಮೂವತ್ತೆರಡರಲ್ಲಿ ಮೂರು ಪಾಲು

ಶ್ರಾವಣದ ಮೊದಲ ಸೋಮವಾರ, ಬೆಳಗಿನ ಹತ್ತು ಗಂಟೆಗೆ ಈ ಮಾತು ಶುರುವಾದದ್ದು. ಪುಣೆಯ ಸದಾಶಿವ ಪೇಠೆಯ ಒಂದು ದವಾಖಾನೆಯಲ್ಲಿ ಅವ್ವಮ್ಮ ಮಗಳು ಅಂಬಾಳ ಪಕ್ಕ ಕುಳಿತಿದ್ದಳು. ಯಾದಗಿರಿ ಕಡೆಯಿಂದ ಬಂದು ನಲವತ್ತು ವರ್ಷ ಈ ಊರಿನ ಇಟ್ಟಿಗೆ ಹೊತ್ತವಳು; ಈಗ ಬಿಬವೇವಾಡಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಆ ಮಗನ ಮಗಳು ಸಪ್ನಾ, ಶಿರೂರಿನ ಅಂಬಾಳ ಮಗ ಕುಶಲ, ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಸೋದರತ್ತೆಯ ಮಗ ಎಂದ ಮೇಲೆ ಮನೆಯಲ್ಲಿ ಯಾರದೂ ತಕರಾರಿಲ್ಲ. ಸಪ್ನಾಳೇ, ರಕ್ತಸಂಬಂಧದ ಮದುವೆಯಲ್ಲಿ ಹುಟ್ಟುವ ಮಕ್ಕಳನ್ನು ನೆನೆದು ಹೆದರಿ, ಎಲ್ಲರನ್ನೂ ಇಲ್ಲಿಗೆ ಎಳೆತಂದಿದ್ದಳು.

ಡಾಕ್ಟರಮ್ಮ ಹಾಳೆಯ ಮೇಲೆ ಮನೆತನದ ನಕ್ಷೆಯನ್ನು, ಹೆಂಗಸರಿಗೊಂದು ದುಂಡು, ಗಂಡಸರಿಗೊಂದು ಚೌಕ ಬರೆದು ಗೆರೆ ಎಳೆದಳು. ರೊಟ್ಟಿ ಮುರಿದಂತೆ ಹುಟ್ಟು ಹುಟ್ಟಿಗೂ ರಕ್ತದ ಪಾಲು ಅರ್ಧವಾಗುತ್ತದೆ ಎಂದು ಮರಾಠಿಯಲ್ಲಿ ತಿಳಿಸಿ, ಈ ಜೋಡಿಗೆ ಎಂಟರಲ್ಲಿ ಒಂದು ಪಾಲು, ಅಂದರೆ ಮೂವತ್ತೆರಡರಲ್ಲಿ ನಾಲ್ಕು, ಒಂದೇ ಎಂದಳು.

ಅವ್ವಮ್ಮ ತನ್ನ ದುಂಡಿನ ಕೆಳಗೆ ನೋಡಿದಳು. ಒಂದು ಗೆರೆಗೆ ಮಗ, ಇನ್ನೊಂದಕ್ಕೆ ಅಂಬಾ. ಸುಮ್ಮನಿದ್ದರೆ ಮಕ್ಕಳ ಲೆಕ್ಕ ಸುಳ್ಳಾಗುತ್ತದೆ. ಬಾಯಿಬಿಟ್ಟರೆ ಐವತ್ತು ವರ್ಷದ ಮಗಳು ಕೈತಪ್ಪಿ ಹೋದಾಳು.

"ಈ ಗೆರಿ ತಪ್ಪದರೀ, ಡಾಕ್ಟರಬಾಯಿ," ಎಂದಳು ಕೊನೆಗೆ. "ಅಂಬಾ ನಮ್ಮಕ್ಕ ಶರಣಮ್ಮನ ಹೊಟ್ಟೀಲೆ ಹುಟ್ಟಿದಾಕಿ. ಅಕ್ಕ ತೀರಿಕೊಂಡಳು. ಎಂಟು ತಿಂಗಳ ಕೂಸಿನ ಸಲುವಾಗಿ ಅದೇ ಮನಿಗಿ ನನ್ನ ಕೊಟ್ರು."

ಸಪ್ನಾ ಅದನ್ನು ಮರಾಠಿಗೆ ತಿರುಗಿಸುವಾಗ ತಡವರಿಸಿದಳು. ಡಾಕ್ಟರಮ್ಮ ಗೆರೆ ಅಳಿಸಿ ಮತ್ತೆ ಲೆಕ್ಕ ಹಾಕಿದಳು. ಅಂಬಾಳಿಗೂ ಅವ್ವಮ್ಮನ ಮಗನಿಗೂ ತಂದೆ ಒಬ್ಬನೇ, ತಾಯಂದಿರು ಒಡಹುಟ್ಟಿದವರು; ಮೂವತ್ತೆರಡರಲ್ಲಿ ನಾಲ್ಕಿದ್ದದ್ದು ಮೂರಕ್ಕಿಳಿಯಿತು. ಅಂಕಿ ನೋಡಿಯೇ ಹೂಂ ಅನ್ನಲಾಗದು, ಇಬ್ಬರ ರಕ್ತವನ್ನೂ ಪರೀಕ್ಷಿಸಿ ನೋಡೋಣ ಎಂದಳು.

ಅಂಬಾ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಸಾಕಿದವಳಿಗೆ ಇದರಲ್ಲಿ ಗೆರೆ ಇಲ್ಲವೇ ಎಂದು ಕೇಳಿದಳು. ಇದೆ, ತುಂಡು ತುಂಡು ಗೆರೆ ಎಂದು ಡಾಕ್ಟರಮ್ಮ ಅವ್ವಮ್ಮನಿಂದ ಅಂಬಾಳಿಗೆ ಒಂದನ್ನು ಎಳೆದು ತೋರಿಸಿದಳು.

"ಒಂದು ಪಾಲು ಕಡಿಮಿ ಆತಂತ ನನ್ನ ಬೈಯೋದು ಕಡಿಮಿ ಮಾಡಬ್ಯಾಡ, ಯವ್ವಾ," ಎಂದಳು ಅಂಬಾ. "ಭಾಳ ವರ್ಷದ ರೂಢಿ ಅದ."

ಅವ್ವಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ನೆಟ್ಟಗೆ ಕೂಡು ಎಂದು ಬೈದಳು.

ಮೂರನೇ ವಾರದ ಬುಧವಾರ ವರದಿ ಬಂತು. ನೋಡಿದ ರೋಗಗಳಲ್ಲಿ ಇಬ್ಬರಲ್ಲೂ ಒಂದೇ ದೋಷ ಯಾವುದೂ ಸಿಗಲಿಲ್ಲ. ಮದುವೆ ದೀಪಾವಳಿಯ ನಂತರ ಎಂದಾಯಿತು. ವರದಿ ಬರುವವರೆಗೆ ಬಿಬವೇವಾಡಿಯಲ್ಲೇ ಉಳಿದಿದ್ದ ಅಂಬಾ, ಶರಣಮ್ಮನ ನಡಿಗೆ, ನಗು, ಸಿಟ್ಟು ಎಲ್ಲವನ್ನೂ ಅವ್ವಮ್ಮನಿಂದ ಕೇಳಿ ಕೇಳಿ ತಿಳಿದುಕೊಂಡು, ಶುಕ್ರವಾರ ಶಿರೂರಿಗೆ ಹೊರಟುಹೋದಳು.