ಬಾರದವರೆಲ್ಲ ಒಪ್ಪಿದವರು

ನೀರಿನ ಬಿಲ್ಲನ್ನು ವಿವರಿಸುವುದರಲ್ಲಿ ನಮ್ಮ ದೊಡ್ಡಪ್ಪನನ್ನು ಮೀರಿಸುವವರು ಇಡೀ ಬೀದಿಯಲ್ಲಿ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮೊದಲು ಬಿಲ್ಲನ್ನು ಓದಬೇಕಾಗುತ್ತಿತ್ತು. ದೊಡ್ಡಪ್ಪನಿಗೆ ಆ ತೊಂದರೆಯೇ ಇಲ್ಲ. ಸತ್ತ ಜಿರಲೆಯ ಮೀಸೆ ಹಿಡಿದಂತೆ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ನೀರು ಮನೆ ಒಳಗೆ ಬಂದ್ರೆ ಒಂದು ದುಡ್ಡು, ಚರಂಡಿಗೆ ಹೋದ್ರೆ ಇನ್ನೊಂದು ದುಡ್ಡು! ನಾಳೆ ಬಕೆಟ್ಟಲ್ಲಿ ಸುಮ್ನೆ ನಿಂತಿದ್ದಕ್ಕೂ ಕೇಳ್ತಾರೆ, ನೋಡ್ತಿರಿ!" ಎಂದುಬಿಡುತ್ತಿದ್ದರು. ಜನ ಬಿದ್ದು ಬಿದ್ದು ನಗುತ್ತಿದ್ದರು. ನಕ್ಕಾದ ಮೇಲೆ ಮನೆಗೆ ಹೋಗಿ, ಎಲ್ಲ ತಿಳಿದವರ ಗತ್ತಿನಲ್ಲಿ ಬಿಲ್ ಕಟ್ಟುತ್ತಿದ್ದರು. ಈ ಸೇವೆಗಾಗಿ ಅವರನ್ನು ಬೀದಿಯ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರನ್ನಾಗಿ ಮಾಡಿದ್ದರು.

ದೊಡ್ಡಪ್ಪನ ತಂಗಿ, ಅಂದರೆ ನನ್ನ ಅತ್ತೆ, ಮೂಲೆಮನೆಯಲ್ಲಿ ಹೊಲಿಗೆ ಮಾಡುತ್ತಾಳೆ. ನಾನು ಅವಳ ಜೊತೆಗೇ ಇದ್ದೇನೆ. ಗುಂಡಿ ಹಚ್ಚುತ್ತೇನೆ, ಕಾಜಾ ಹೊಲಿಯುತ್ತೇನೆ, ನಡುನಡುವೆ ಕೂತಲ್ಲೇ ಕನಸಿನಲ್ಲಿ ಎಲ್ಲೋ ಹೋಗಿಬಿಡುತ್ತೇನೆ. "ಬಾರೇ ಇಳಿದು," ಎಂದು ಅತ್ತೆ ಗದರುತ್ತಾಳೆ, ನಾನು ಅಟ್ಟ ಹತ್ತಿ ಕೂತಿದ್ದೇನೋ ಎಂಬಂತೆ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಎರಡು ಕಡೆ ಕಿಟಕಿ, ದಿನವಿಡೀ ಬೆಳಕು. ಅವಳ ಕಣ್ಣಿಗೆ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಈಗಲೂ ಕಾಣುವುದು ಆ ಕೋಣೆಯೊಂದರಲ್ಲಿ ಮಾತ್ರ.

ಆ ಸಲ ನೀರಿನ ಬಿಲ್ಲಿನ ಜೊತೆ ಇನ್ನೊಂದು ಹಾಳೆ ಬಂತು. ನಗರಸಭೆಯವರು ನಮ್ಮ ಬೀದಿಗೂ ಪಕ್ಕದ ಓಣಿಗೂ ಕೆತ್ತನೆಯ ಕಲ್ಲು ಹಾಸಿ, ಕತ್ತು ಬಾಗಿದ ದೀಪಗಳನ್ನು ನೆಟ್ಟು, ಖರ್ಚನ್ನೆಲ್ಲ ನಮ್ಮ ಮೇಲೆಯೇ ವಿಶೇಷ ಆಸ್ತಿ ತೆರಿಗೆಯಾಗಿ ಹಾಕುತ್ತಾರಂತೆ. ವರ್ಷ ವರ್ಷವೂ ನೀರಿನ ಬಿಲ್ಲಿನಲ್ಲೇ ಸೇರಿ ಬರುತ್ತದಂತೆ. ಮನೆ ಎಷ್ಟು ದೊಡ್ಡದು ಎಂಬುದು ಲೆಕ್ಕಕ್ಕಿಲ್ಲ, ರಸ್ತೆಗೆ ತಾಗಿದ ಗೋಡೆ ಎಷ್ಟು ಉದ್ದ ಎಂಬುದೇ ಲೆಕ್ಕ. ಅತ್ತೆಗೆ ಮುಂದಿನ ಗೋಡೆಯ ತೆರಿಗೆಯೂ ಬಿತ್ತು, ಓಣಿಯುದ್ದಕ್ಕೂ ಹೋದ ಪಕ್ಕದ ಗೋಡೆಯದೂ ಬಿತ್ತು. ದೊಡ್ಡಪ್ಪನ ಮನೆ ಬೀದಿಗೆ ಮೂಗಷ್ಟೇ ತೋರಿಸಿ, ಹಿಂದಕ್ಕೆ ರೈಲಿನ ಹಾಗೆ ಸಾಗಿದೆ. ಅವರಿಗೆ ಬಿದ್ದದ್ದು ಮೂಗಿನಷ್ಟೇ.

ಅತ್ತೆ ಹಾಳೆಯನ್ನು ಮಡಚಿದಳು. "ಇದೇನಾದ್ರೂ ಬಂದ್ರೆ ಈ ಕೋಣೆ ಬಾಡಿಗೆಗೆ ಕೊಡ್ಬೇಕಾಗತ್ತೆ ಕಣೇ."

"ಮತ್ತೆ ಹೊಲಿಗೆ?"

"ಒಳಗಿನ ಕೋಣೇಲಿ. ಕಣ್ಣು ನಡೆಯೋ ತನಕ."

ಒಳಗಿನ ಕೋಣೆಗೆ ಕಿಟಕಿಯೇ ಇಲ್ಲ.

ನಾನು ಹಾಳೆಯನ್ನು ಮತ್ತೆ ಬಿಚ್ಚಿ ಕೊನೆಯ ಸಾಲಿನವರೆಗೆ ಓದಿದೆ. ಅಜ್ಜಿಯ ಮಗ್ಗುಲಲ್ಲಿ ಬೆಳೆದವಳು ನಾನು, ಕೊನೆ ಕೇಳದೆ ಮಲಗಿ ಅಭ್ಯಾಸವಿಲ್ಲ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: ಮುಂದಿನ ವಾರ ವಿಚಾರಣೆ. ಬೇಡವೆನ್ನುವ ಮನೆಯವರು ಖುದ್ದಾಗಿ ಬಂದು ಆಕ್ಷೇಪಕ್ಕೆ ಸಹಿ ಹಾಕಬೇಕು. ಒಟ್ಟು ಗೋಡೆಗಳ ಉದ್ದದಲ್ಲಿ ಅರ್ಧಕ್ಕಿಂತ ಹೆಚ್ಚು ಬೇಡವೆಂದರೆ ಯೋಜನೆ ರದ್ದು. ಬಾರದವರು ಒಪ್ಪಿದಂತೆ.

ಅಜ್ಜಿ ಹೇಳುತ್ತಿದ್ದ ಕತೆಯೊಂದರಲ್ಲಿ ಒಬ್ಬ ರಾಕ್ಷಸ ಇದ್ದ. ಬಹಳ ಮರ್ಯಾದಸ್ಥ. ಬಾಗಿಲಲ್ಲಿ ನಿಂತು, "ಒಳಗೆ ಬರಲೇ?" ಎಂದು ಕೇಳುತ್ತಿದ್ದ. ಬೇಡ ಎಂದರೆ ತಲೆ ಬಾಗಿಸಿ ಹೊರಟುಹೋಗುತ್ತಿದ್ದ. ಆದರೆ ಆ ಊರಿನ ದೊಡ್ಡ ಮನುಷ್ಯರಿಗೆ ಅವನ ಜೊತೆ ಮಾತಾಡುವುದೇ ಅವಮಾನವೆನಿಸಿ, ಮುಖ ತಿರುಗಿಸಿ ಸುಮ್ಮನೆ ಕೂತರಂತೆ. ಮುಂದಿನದನ್ನು ಅಜ್ಜಿ ಹೇಳುತ್ತಿರಲಿಲ್ಲ, ಒಂದೊಂದೇ ಬೆರಳು ನೆಕ್ಕಿ ತೋರಿಸುತ್ತಿದ್ದಳು.

ಸಂಘದ ಸಭೆ ದೊಡ್ಡಪ್ಪನ ಹಜಾರದಲ್ಲಿ ಸೇರಿತು. ದೊಡ್ಡಪ್ಪ ಎದ್ದು ನಿಂತು, ಮೇಜು ಗುದ್ದಿ, "ಬಹಿಷ್ಕಾರ!" ಎಂದರು. "ಒಬ್ರೂ ಒಳಗೆ ಕಾಲಿಡಬಾರದು. ಖಾಲಿ ಕುರ್ಚಿ ನೋಡಿ ಅವರಿಗೇ ನಾಚಿಕೆ ಆಗ್ಬೇಕು!"

ಚಪ್ಪಾಳೆಯೋ ಚಪ್ಪಾಳೆ. ನಗರಸಭೆಗೆ ನಾಚಿಕೆಯಾಗುತ್ತದೆ ಎಂದು ನಂಬುವ ವಯಸ್ಕರು ಅಷ್ಟು ಮಂದಿ ಒಂದೇ ಕೋಣೆಯಲ್ಲಿ ಇದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ದೊಡ್ಡಪ್ಪಾ, ಹೋಗದೇ ಇದ್ರೆ ಒಪ್ಪಿದ ಹಾಗೆ ಅಂತ ಇಲ್ಲೇ ಬರೆದಿದೆ," ಎಂದೆ.

"ಬಂದ್ಳಪ್ಪ ಕನಸಿನ ರಾಣಿ! ಕಾನೂನು ಓದಿದ್ದು ಯಾವ ಅಜ್ಜಿ ಹತ್ರಾನಮ್ಮಾ?"

"ನಿಮ್ಮಮ್ಮನ ಹತ್ರಾನೇ."

ಒಂದಿಬ್ಬರು ನಕ್ಕರು. ದೊಡ್ಡಪ್ಪ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಓದುತ್ತಾರೇನೋ ಎಂದು ಒಂದು ಗಳಿಗೆ ಆಸೆಪಟ್ಟೆ. ಅವರು ಅದನ್ನು ನಾಲ್ಕಾಗಿ ಮಡಚಿ ಗಾಳಿ ಹಾಕಿಕೊಂಡರು. "ಇಂಥ ಸಣ್ಣಕ್ಷರಕ್ಕೆಲ್ಲ ಹೆದರೋ ಬೀದಿ ಅಲ್ಲಮ್ಮ ಇದು."

ಅಲ್ಲವೇ ಅಲ್ಲ. ಹೆದರಬೇಕಾದರೆ ಓದಿರಬೇಕಲ್ಲ.

ಅತ್ತೆ ಮಾತ್ರ ಮರುದಿನ ಕತ್ತರಿ ಕೆಳಗಿಟ್ಟು ಮನೆಮನೆಗೆ ಹೊರಟಳು. ಲಾಂಡ್ರಿಯವನು ಬರುತ್ತೇನೆಂದ. ನಿವೃತ್ತ ಮೇಷ್ಟ್ರು ದಂಪತಿ ಒಪ್ಪಿದರು. ಓಣಿಯಲ್ಲಿ ಉದ್ದ ಕಾಂಪೌಂಡಿನ ಮನೆಯ ಹಲ್ಲಿನ ಡಾಕ್ಟರು, "ನಿಮ್ಮಣ್ಣನಿಗೆ ಹೇಳಬೇಡಿ, ಬರ್ತೀನಿ," ಎಂದು ಪಿಸುಗುಟ್ಟಿದರು. ಉಳಿದವರದ್ದು ಒಂದೇ ರಾಗ: "ಅಧ್ಯಕ್ಷರು ಹೇಳಿದಾರಲ್ಲಮ್ಮ." ಒಬ್ಬಾಕೆಯಂತೂ ರವಿಕೆಯ ಅಳತೆ ಕೊಡುತ್ತಲೇ, "ಅವರು ಅಷ್ಟು ತಿಳಿದವರು, ಸುಮ್ನೆ ಹೇಳ್ತಾರಾ?" ಎಂದಳು. ಅತ್ತೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದಳು. ಆಕೆಯ ಪುಣ್ಯ.

ವಿಚಾರಣೆಯ ದಿನ ನಗರಸಭೆಯ ಮೆಟ್ಟಿಲ ಮೇಲೆ ದೊಡ್ಡಪ್ಪನ ದಂಡು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ನಿಂತಿತ್ತು. ಪಟ್ಟಿಗಳು ಅತ್ತೆಯ ಚೂರುಬಟ್ಟೆಯ ಗಂಟಿನಿಂದ ಪುಕ್ಕಟೆ ಹೋಗಿದ್ದವು. ನಾವು ಅವರ ನಡುವೆಯೇ ದಾರಿ ಮಾಡಿಕೊಂಡು ಒಳಗೆ ಹೋದೆವು. ಹಲ್ಲಿನ ಡಾಕ್ಟರು ಕರವಸ್ತ್ರದಿಂದ ಅರ್ಧ ಮುಖ ಮುಚ್ಚಿಕೊಂಡು ಬಂದರು.

ಒಳಗೆ ಅಧಿಕಾರಿಣಿ ಸಹಿಗಳನ್ನು ಪಡೆದು, ಗೋಡೆಗಳ ಉದ್ದವನ್ನು ಕೂಡಿಸಿದರು. ಅತ್ತೆಯ ಹಾಳಾದ ಪಕ್ಕದ ಗೋಡೆ ಅಲ್ಲಿ ಮೊದಲ ಸಲ ಉಪಕಾರಕ್ಕೆ ಬಂತು. ಎಷ್ಟು ಉದ್ದವೋ ಅಷ್ಟು ತೂಕ. ಅಧಿಕಾರಿಣಿ ಎರಡು ಸಲ ಕೂಡಿಸಿ ತಲೆಯೆತ್ತಿದರು.

"ಅರ್ಧದ ಹತ್ತಿರ ಬಂದಿದೆ, ದಾಟಿಲ್ಲ. ಇನ್ನೊಂದು ಮನೆ ಬೇಕು. ಎಷ್ಟು ಸಣ್ಣದಾದರೂ ಸಾಕು. ನಿಮ್ಮವರು ಯಾರಾದರೂ ಹೊರಗಿದ್ದರೆ ಕರೀರಿ, ಕಾಯ್ತೀನಿ."

ಅತ್ತೆ ಓಡಿದಳು. ಅವಳು ಓಡಿದ್ದನ್ನು ನಾನು ಕಂಡೇ ಇರಲಿಲ್ಲ.

"ಅಣ್ಣಾ, ಒಳಗೆ ಬಾ. ಒಂದು ಸಹಿ. ನಿನ್ನ ಮನೆ ಒಂದು ಸೇರಿದ್ರೆ ಮುಗೀತು, ತೆರಿಗೆ ಬಿದ್ದುಹೋಗತ್ತೆ."

ಮೆಟ್ಟಿಲ ಮೇಲಿನವರೆಲ್ಲ ತಿರುಗಿದರು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ನಾನೇ ಒಳಗೆ ಹೋದ್ರೆ ಬಹಿಷ್ಕಾರಕ್ಕೆ ಏನು ಬೆಲೆ?"

"ಬಹಿಷ್ಕಾರದ ಮನೆ ಹಾಳಾಗ್ಲಿ! ನನ್ನ ಅಂಗಡಿ ಹೋಗತ್ತೆ."

"ತತ್ವ ಅಂತ ಒಂದಿದೆ ನೋಡು."

"ಯಾವ ತತ್ವ? ತೆರಿಗೆ ಬೇಡ ಅನ್ನೋದು ತಾನೇ? ಅದನ್ನೇ ಒಳಗೆ ಬಂದು ಹೇಳು ಅಂತಿದೀನಿ." ಅತ್ತೆ ಉಳಿದವರತ್ತ ನೋಡಿದಳು. "ನೀವಾದ್ರೂ ಬನ್ನಿ, ಯಾರಾದ್ರೂ ಒಬ್ರು."

ಅವರು ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ಎಲ್ಲರೂ ದೊಡ್ಡಪ್ಪನನ್ನು ನೋಡಿದರು. ನಾನು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕಂಡೆ. ದೊಡ್ಡಪ್ಪನಿಗೆ ಅರ್ಥವಾಗಿತ್ತು. ಅದೇ ಅಸಹ್ಯ. ಮುಖದ ಬಣ್ಣ ಇಳಿದು, ಬಲಗಾಲು ಒಂದು ಮೆಟ್ಟಿಲು ಮೇಲಕ್ಕೂ ಬಂತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಪೆದ್ದ, "ನಮ್ಮ ಅಧ್ಯಕ್ಷರು ಜಗ್ಗಲ್ಲ!" ಎಂದು ಕೂಗಿದ. ಚಪ್ಪಾಳೆ ಬಿತ್ತು. ಕಾಲು ಕೆಳಗಿಳಿಯಿತು. ತಂಗಿಯ ಕಣ್ಣಿನ ಬೆಳಕಿಗಿಂತ ಒಂದು ಹಿಡಿ ಚಪ್ಪಾಳೆ ಹೆಚ್ಚಾದ ಮನುಷ್ಯನನ್ನು ನಾನು ಅಷ್ಟು ಹತ್ತಿರದಿಂದ ನೋಡಿದೆ.

ತೆರಿಗೆ ಮಂಜೂರಾಯಿತು. ಸಂಜೆ ದೊಡ್ಡಪ್ಪ ಬಹಿಷ್ಕಾರ ಸಂಪೂರ್ಣ ಯಶಸ್ವಿ ಎಂದು ಘೋಷಿಸಿದರು.

ಕಲ್ಲು ಹಾಸಿದರು, ದೀಪ ನೆಟ್ಟರು, ಹೊಸ ಬಿಲ್ಲೂ ಬಂತು. ಅತ್ತೆ ಕೋಣೆ ಖಾಲಿ ಮಾಡುವ ದಿನ ದೊಡ್ಡಪ್ಪ ಬಾಗಿಲಲ್ಲಿ ಕಾಣಿಸಿಕೊಂಡರು.

"ಬಾಡಿಗೆಗೆ ಕೊಡ್ತೀಯಂತೆ? ಸಂಘಕ್ಕೇ ಕೊಟ್ಟುಬಿಡು, ಆಫೀಸು ಮಾಡ್ಕೋತೀವಿ. ನಮ್ಮವರೇ ಅಂತ ಒಂಚೂರು ಕಡಿಮೆ ಮಾಡಿದ್ರಾಯ್ತು."

"ಸೈಕಲ್ ರಿಪೇರಿಯವನಿಗೆ ಕೊಟ್ಟಾಯ್ತು."

"ಸೈಕಲ್ಲಾ? ಗ್ರೀಸು, ಎಣ್ಣೆ, ಟ್ಯೂಬು! ಇಷ್ಟು ಚೆಂದದ ಕಲ್ಲು ಹಾಸಿದಾರೆ, ನಮ್ಮ ಬೀದಿಯ ಅಂದ ಏನಾಗ್ಬೇಕು? ಸಂಘದಿಂದ ಆಕ್ಷೇಪ ಎತ್ತಬೇಕಾಗತ್ತೆ, ಹೇಳಿರ್ತೀನಿ."

ಅತ್ತೆ ಹೊಲಿಗೆ ಯಂತ್ರದ ಒಂದು ಕಡೆ ಹಿಡಿದಿದ್ದಳು, ನಾನು ಇನ್ನೊಂದು ಕಡೆ. ಅವಳು ತಲೆ ಎತ್ತದೆ ಹೇಳಿದಳು: "ಎತ್ತಣ್ಣ. ನೀನು ಆಕ್ಷೇಪ ಎತ್ತೋದನ್ನ ಒಂದ್ಸಲ ನೋಡ್ಬೇಕು ಅಂತ ನನಗೂ ಬಹಳ ಆಸೆ."

ಯಂತ್ರ ಭಾರ, ನನ್ನ ಕಡೆ ವಾಲಿತು. ದೊಡ್ಡಪ್ಪ ಒಂದು ಕೈ ಚಾಚಿದರು.

"ಹಿಡ್ಕೊಳ್ಳಲಾ?"

"ಬೇಡ. ದಾರಿ ಬಿಡು."

ದಾರಿ ಬಿಟ್ಟರು. ನಾವು ಯಂತ್ರವನ್ನು ಅಡುಗೆಮನೆ ದಾಟಿಸಿ ಒಳಗಿನ ಕೋಣೆಗೆ ಹೊತ್ತೆವು. ಅತ್ತೆ ಸ್ಟೂಲು ಎಳೆದು ಕೂತು, ಸೂಜಿಯ ಕಣ್ಣನ್ನು ಬೆರಳಿನಿಂದ ಹುಡುಕಿದಳು, ಸಿಗಲಿಲ್ಲ. ದಾರವನ್ನು ನನ್ನ ಕಡೆ ಚಾಚಿದಳು.