ಈರಕ್ಕನ ಮಿಲಿಟರಿ ಜೀಪು

ಸ್ಟಿಯರಿಂಗನ್ನು ಅರ್ಧ ಸುತ್ತು ತಿರುಗಿಸಿದ ಮೇಲೆಯೇ ಚಕ್ರ ಹೊರಳುತ್ತಿತ್ತು. ಕಡೂರಿನ ಮೆಕ್ಯಾನಿಕ್ ಕರಿಯಪ್ಪ ಈರಕ್ಕ ಹರಾಜಿನಲ್ಲಿ ಕೊಂಡ ಹಳೇ ಮಿಲಿಟರಿ ಜೀಪಿನ ಟೈರಿಗೆ ಒದ್ದು, "ಗುಜರಿಗೆ ಹಾಕ್ಬಿಡು ಈರಕ್ಕ. ಇದು ಹೆಂಗಸ್ರ ಕೈಲಿ ನಿಲ್ಲೋ ಗಾಡಿ ಅಲ್ಲ" ಎಂದ.

"ಅಚ್ಚು ಸವೆದ್ರೆ ಎತ್ತಿನ ಗಾಡೀನ ಸೌದೆಗೆ ಹಾಕ್ತೀವೇನಪ್ಪಾ?" ಎಂದು ಕೇಳಿ ಈರಕ್ಕ ಜೀಪನ್ನು ಪಂಚನಹಳ್ಳಿಗೆ ವಾಪಸು ತಂದಳು. ತಾನೇ ಅಡಿಯಲ್ಲಿ ಮಲಗಿ, ಚಕ್ರ ಅಲ್ಲಾಡಿಸಿ ನೋಡಿ, ಕೀಲುಗಳೊಳಗೆ ಸವೆದಿದ್ದ ಲೋಹದ ಬುಶ್ಶುಗಳನ್ನೆಲ್ಲ ಬಿಚ್ಚಿದಳು. ಎತ್ತಿನ ಗಾಡಿ ರಿಪೇರಿಯ ಕಮ್ಮಾರ ಅದೇ ಅಳತೆಗೆ ಹೊಸವನ್ನು ಮಾಡಿಕೊಟ್ಟ. ಸ್ಪ್ರಿಂಗ್ ಪ್ಲೇಟುಗಳ ಸಡಿಲ ಬೋಲ್ಟುಗಳನ್ನು ಅವಳೇ ಬಿಗಿದಳು.

ಮುಂದಿನ ಸಂತೆಯ ದಿನ ಕಡೂರಿಗೆ ಹೋಗಿ ಕರಿಯಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೇರ ರಸ್ತೆಗೆ ಜೀಪು ಬಿಟ್ಟಳು. ವೇಗ ಏರಿದಾಗ ಸ್ಟಿಯರಿಂಗಿನಿಂದ ಎರಡೂ ಕೈ ತೆಗೆದು, ಬಿಚ್ಚಿಹೋದ ತುರುಬನ್ನು ನಿಧಾನವಾಗಿ ಕಟ್ಟತೊಡಗಿದಳು. ಜೀಪು ಗೆರೆ ಎಳೆದಂತೆ ಹೋಗುತ್ತಿತ್ತು. ಕರಿಯಪ್ಪ ಸೀಟನ್ನು ಅವುಚಿ ಹಿಡಿದ.

"ನೋಡಪ್ಪಾ" ಎಂದಳು, "ಈಗ ಗಾಡಿ ಯಾರ ಕೈಲೂ ಇಲ್ಲ."